ಮೆಟ್ಟಿಲ ಬೀದಿಯ ಇಂಜಿನಿಯರಮ್ಮ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೇಲುಪೇಟೆಯಿಂದ ಕೆಳಪೇಟೆಗೆ ಇಳಿಯುವ ಮೆಟ್ಟಿಲ ಬೀದಿಯ ನಡುವೆ ಅಗಲವಾದ ಕಲ್ಲುಕಟ್ಟೆಯೊಂದಿದೆ. ಅಲ್ಲಿ ಮಂಡಿಯೂರಿದ ಹೆಂಗಸೊಬ್ಬರು ಗೋಡೆಗೆ ಫೋಟೋಗಳನ್ನು ತೂಗುಹಾಕುತ್ತಿದ್ದಾರೆ. ಎಲ್ಲವೂ ಸೊಂಟದ ಎತ್ತರಕ್ಕಿಂತ ಕೆಳಗೇ. ದಾಟಿಹೋಗುವ ಹಾಲಿನವನು, ಇವೆಲ್ಲ ಬೆಕ್ಕುಗಳು ನೋಡಲಿಕ್ಕೋ ಎಂದು ವಿಚಾರಿಸುತ್ತಾನೆ.

‘ಹತ್ತಿ ಬಂದವರು ಇಲ್ಲಿ ಕೂರ್ತಾರಲ್ಲಪ್ಪ. ಕೂತವರ ಕಣ್ಣು ಎಲ್ಲಿರುತ್ತೋ ಫೋಟೋನೂ ಅಲ್ಲೇ ಇರಬೇಕು.’

ಬೀದಿಯವರ ಪಾಲಿಗೆ ಅವರು ಇಂಜಿನಿಯರಮ್ಮ. ಓದಿದ್ದು ವಾಸ್ತುಶಿಲ್ಪ, ಆದರೆ ಜನರನ್ನು ತಿದ್ದಲು ಹೋಗುವುದಿಲ್ಲ. ಮೊದಲ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬರೆದರು, ಸಹಿ ಯಜಮಾನರದು. ನಗರ ಯೋಜನಾ ಇಲಾಖೆಯಲ್ಲಿ ರಸ್ತೆಗಳನ್ನು ರೂಪಿಸಿದರು, ಅಲ್ಲಿ ಮೊಹರು ಮಾತ್ರ ಕಾಣುತ್ತದೆ. ಅತ್ತೆ ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು, ಅವರ ಮಂಚದ ಪಕ್ಕದಲ್ಲೇ ಕುಳಿತು ಕುರ್ಚಿ, ಕಿಟಕಿ, ಬಸ್ ನಿಲ್ದಾಣಗಳ ವಿನ್ಯಾಸದ ಬಗ್ಗೆ ಪತ್ರಿಕೆಗಳಿಗೆ ಬರೆಯತೊಡಗಿದರು. ಆ ಬರಹ ಓದಿದ ವಸ್ತುಸಂಗ್ರಹಾಲಯದವರು ಪ್ರದರ್ಶನಗಳನ್ನು ಕಟ್ಟಿಕೊಡಲು ಕರೆದರು.

ಅವರ ಅಕ್ಕನಿಗೆ ಇದೊಂದೂ ಹಿಡಿಸಿಲ್ಲ. ‘ನೀನು ಒಲೆ ಮೇಲೆ ಒಂದೇ ಪಾತ್ರೆ ಇಟ್ಟವಳಲ್ಲ ಕಣೇ. ತಂಗಿ ಏನ್ ಮಾಡ್ತಾಳೆ ಅಂತ ಯಾರಾದ್ರೂ ಕೇಳಿದ್ರೆ, ಚೆನ್ನಾಗಿದಾಳೆ ಅಂದ್ಬಿಡ್ತೀನಿ.’

ತಂಗಿಯ ಲೆಕ್ಕದಲ್ಲಿ ಎಲ್ಲವೂ ಒಂದೇ ಕೆಲಸ: ನಡೆಯುವವರು ಎಲ್ಲಿ ನಿಲ್ಲುತ್ತಾರೆಂದು ನೋಡುವುದು. ಖರ್ಚು ಇಳಿಸಬೇಕಾದಾಗ ಮೊದಲ ಕಚೇರಿಯವರು ನಕ್ಷೆಯಿಂದ ಕತ್ತರಿಸುತ್ತಿದ್ದುದು ಮೆಟ್ಟಿಲುಗಳ ನಡುವಿನ ಕಟ್ಟೆಯನ್ನೇ. ಕಡತದಲ್ಲಿ ಅದಕ್ಕೆ ‘ವ್ಯರ್ಥ ಜಾಗ’ ಎಂದು ಹೆಸರು. ಈಗ ನಗರಸಭೆ ಈ ಮೆಟ್ಟಿಲುಗಳನ್ನು ಒಡೆದು ಕಾರುಗಳ ಇಳಿಜಾರನ್ನೂ ಲಿಫ್ಟನ್ನೂ ಕಟ್ಟಬೇಕೆಂದಿದೆ. ಸಮಿತಿ ಬರುವುದು ಇವತ್ತೇ ಬೆಳಿಗ್ಗೆ. ಅದಕ್ಕೆಂದೇ ಈ ಪ್ರದರ್ಶನ. ಕಟ್ಟೆಗೊಂದು ಒಳ್ಳೆಯ ಹೆಸರಿರಲಿ ಎಂದು ತಾವೇ ಒಂದು ಪದ ಹೊಸೆದು ದೊಡ್ಡ ಫಲಕವನ್ನೂ ಬರೆಸಿದ್ದಾರೆ.

ಕಟ್ಟೆಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುವ ಹೆಂಗಸು ಬಂದು ಫಲಕವನ್ನು ಓದುತ್ತಾಳೆ: ‘ಉಸಿರುಕಟ್ಟೆ’.

‘ಅಯ್ಯೋ, ಒಡೀರಿ ಅಂತ ನೀವೇ ಬರೆದುಕೊಟ್ಟ ಹಾಗಾಯ್ತಲ್ಲಮ್ಮ. ಹತ್ತಿದ್ರೆ ಉಸಿರು ಕಟ್ಟುತ್ತೆ ಅಂತ ತಾನೆ?’

ಉಸಿರಿಗೊಂದು ಕಟ್ಟೆ ಎಂದುಕೊಂಡಿದ್ದವರ ಉಸಿರೇ ಒಂದು ಕ್ಷಣ ಕಟ್ಟುತ್ತದೆ. ಕರಡು ತಿದ್ದುತ್ತಲೇ ತಲೆ ನರೆತಿದೆ; ಆದರೂ ಇದು ಕಣ್ಣಿಗೆ ಬಿದ್ದಿಲ್ಲ. ನೀವೆಲ್ಲ ಇದನ್ನು ಏನೆಂದು ಕರೆಯುತ್ತೀರಿ ಎಂದು ಕೇಳುತ್ತಾರೆ.

‘ಸಾಕಪ್ಪ. ಇಲ್ಲಿಗೆ ಬಂದವರೆಲ್ಲ ಹೇಳೋದು ಅದೇ ತಾನೆ? ಸಾಕಪ್ಪನ ಹತ್ರ ಸಿಗೋಣ ಅಂತೀವಿ. ಹೊಸಬರು ಯಾರೋ ಯಜಮಾನರು ಅಂದ್ಕೊಳ್ತಾರೆ.’

ಇಂಜಿನಿಯರಮ್ಮ ಬಣ್ಣದ ಡಬ್ಬಿ ತೆರೆಯುತ್ತಾರೆ.

ಸಮಿತಿ ಕೆಳಪೇಟೆಯಿಂದ ಹತ್ತಿ ಬರುವ ಹೊತ್ತಿಗೆ ಫಲಕ ಹಸಿಹಸಿಯಾಗಿಯೇ ಇದೆ. ಈ ಸಾಕಪ್ಪ ಯಾರು, ಜಾಗದ ಮಾಲೀಕನೇ ಎಂದು ಒಬ್ಬ ಸದಸ್ಯರು ಕೇಳುತ್ತಾರೆ. ಯಾರೂ ಉತ್ತರಿಸುವ ಮೊದಲೇ, ಹಿಂದೆ ಉಳಿದಿದ್ದ ದಪ್ಪ ಮೈಯ ಅಧ್ಯಕ್ಷರು ಏದುಸಿರು ಬಿಡುತ್ತ ಬಂದು ಆ ಪದವನ್ನೇ ಉದ್ಗರಿಸಿ ಕುಳಿತುಬಿಡುತ್ತಾರೆ. ಇಸ್ತ್ರಿಯವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಗೋಡೆಯತ್ತ ಬಗ್ಗಿ ನೋಡಿ ಕತ್ತು ನೋಯಿಸಿಕೊಂಡ ಉಳಿದವರೂ ಒಬ್ಬೊಬ್ಬರಾಗಿ ಕೂರುತ್ತಾರೆ. ಎದುರಿಗೆ ಫೋಟೋಗಳು: ಹೊರೆ ಇಳಿಸಿದ ಕೂಲಿ, ಮೊಲೆಯೂಡುವ ತಾಯಿ, ಜಗಳವಾಡಿ ಬೆನ್ನು ತಿರುಗಿಸಿ ಕುಳಿತ ಗಂಡ ಹೆಂಡತಿ.

ಬಹಳ ಹೊತ್ತು ಯಾರೂ ಏಳುವುದಿಲ್ಲ. ಕೊನೆಗೆ ಅಧ್ಯಕ್ಷರು, ಇಳಿಜಾರು ಬೇಡ, ಮೆಟ್ಟಿಲು ಇದ್ದಂತೆಯೇ ಇರಲಿ, ಪಕ್ಕದಲ್ಲಿ ಲಿಫ್ಟ್ ಹಾಕೋಣ ಎಂದು ಕಾರ್ಯದರ್ಶಿಗೆ ಬರೆಸುತ್ತಾರೆ. ಫಲಕ ಬರೆದವರು ಯಾರೆಂದು ಅವರೂ ಕೇಳುವುದಿಲ್ಲ.

ಇಂಜಿನಿಯರಮ್ಮ ಕೈಗಂಟಿದ ಬಣ್ಣವನ್ನು ಒರೆಸಿಕೊಳ್ಳುತ್ತಿದ್ದಾರೆ.

‘ಲಿಫ್ಟ್ ಬರ್ಲಿ, ನನಗೂ ಮೊಣಕಾಲು ನೋವಿದೆ,’ ಎನ್ನುತ್ತಾರೆ. ‘ಮೇಲಿಂದ ಸೀದಾ ಕೆಳಗೆ ಹೋಗೋ ಬದಲು, ಇಲ್ಲೂ ಒಂದು ಸಲ ಬಾಗಿಲು ತೆಗೀಲಿ. ಅಷ್ಟೇ.’