ನೆಲ್ಯಾಡಿ ಅಣ್ಣ ಎಂಬ ಮಾವಿನ ಗಿಡ

ಇವತ್ತು ಸಂಜೆ ಮಾವಿನ ಸಸಿಗೆ ನೀರು ಹಾಕುವಾಗ ಎದ್ದ ಮಣ್ಣಿನ ವಾಸನೆ ನನ್ನನ್ನು ಕೋಡಿಂಬಾಳದ ಅಜ್ಜಿಯ ಹಿತ್ತಿಲಿಗೆ ಕರೆದೊಯ್ದಿತು.

ನೆಂಟರು ತಿಂದು ಬಿಟ್ಟ ಗೊರಟುಗಳನ್ನೆಲ್ಲ ನೆಟ್ಟು, ಅಜ್ಜಿ ಗಿಡಗಳನ್ನು ಅವರವರ ಹೆಸರಿನಿಂದಲೇ ಕರೆಯುತ್ತಿದ್ದರು. ಒಂದು ಗಿಡ ಅವರ ನೆಲ್ಯಾಡಿಯ ಅಣ್ಣ. ಅಜ್ಜನೊಡನೆ ಮಾತಿಗೆ ಮಾತು ಬೆಳೆದು ಆ ಅಣ್ಣ ಮನೆಗೆ ಬರುವುದನ್ನೇ ಬಿಟ್ಟಿದ್ದರು. ಅಜ್ಜಿ ಮಾತ್ರ ದಿನಾ ಸಂಜೆ ಬುಡಕ್ಕೆ ತಂಬಿಗೆ ಬಗ್ಗಿಸಿ, ಎಳೆಯ ಎಲೆ ಸವರಿ, "ಎಂತ ಅಣ್ಣ, ಊಟ ಆಯ್ತಾ?" ಎಂದು ಗಿಡವನ್ನು ಕೇಳುತ್ತಿದ್ದರು.

ಒಂದು ದಿನ ಬೇಲಿಯಾಚೆಯಿಂದ ಉತ್ತರ ಬಂತು: "ಇಲ್ಲ ಮಾರಾಯ್ತಿ. ಎಂತ ಸಾರು ಉಂಟು?"

ಅಣ್ಣ ನಿಂತಿದ್ದರು. ಅಜ್ಜಿಯ ತಂಬಿಗೆ ಕೈಜಾರಿತು.

ನನ್ನ ಸಸಿ, ಹೋದ ಬೇಸಿಗೆಯಲ್ಲಿ ಅಜ್ಜಿ ಕೊನೆಯದಾಗಿ ತಿಂದ ಹಣ್ಣಿನದು. "ಊಟ ಆಯ್ತಾ ಅಜ್ಜಿ?" ಎಂದು ಕೇಳಿ, ಸ್ವಲ್ಪ ಹೊತ್ತು ಬೇಲಿಯ ಕಡೆ ನೋಡುತ್ತ ನಿಂತೆ.