ಅಮ್ಮನಿಗೂ ಒಂದು ಸುತ್ತು

ಅಂಗವೈಕಲ್ಯವುಳ್ಳ ಮಕ್ಕಳಿಗೆ ಕುದುರೆ ಸವಾರಿಯ ಮೂಲಕ ಚಿಕಿತ್ಸೆ ನೀಡುವ ಕ್ಷೇತ್ರದಲ್ಲಿ ಮೂರು ದಶಕ ದುಡಿದು ಇದೀಗ ನಿವೃತ್ತರಾಗುತ್ತಿರುವ ನಮ್ಮ ‘ಕುದುರೆ ಟೀಚರ್’ ಅವರನ್ನು ಕುರಿತು ಬರೆಯುವ ಭಾಗ್ಯ, ಅವರ ಮೊದಮೊದಲ ವಿದ್ಯಾರ್ಥಿನಿಯೂ ಇಂದಿನ ಸಹೋದ್ಯೋಗಿಯೂ ಆದ ನನ್ನ ಪಾಲಿಗೆ ಬಂದಿದೆ. ಹೊಗಳಿದರೆ ಅವರಿಗೆ ಸಿಟ್ಟು ಬರುತ್ತದೆ. ಬರಲಿ, ಇವತ್ತೊಂದು ದಿನ ಸಹಿಸಿಕೊಳ್ಳಲಿ.

ಗೋದಾಮೊಂದರ ಹಿಂದಿನ ಮರಳಿನ ಅಂಗಳ, ಒಂದು ಬೂದು ಕುದುರೆ, ಹತ್ತಲು ಒಂದು ಮರದ ಇಳಿಜಾರು: ಅವರ ಆರಂಭದ ಆಸ್ತಿ ಇಷ್ಟೇ. ಪರೀಕ್ಷಿಸದ ಕುದುರೆಯನ್ನು ಅವರು ಮಕ್ಕಳ ಬಳಿ ಬಿಟ್ಟವರಲ್ಲ. ಅದರ ಮೇಲೆ ತಾವೇ ಮೂಟೆಯಂತೆ ವಾಲಿ ಕುಳಿತು ಕಿರುಚುವರು, ಊರುಗೋಲು ಬೀಳಿಸುವರು, ಚೆಂಡು ಎಸೆಯುವರು. ಮೊದಲ ಸಲ ಇದನ್ನು ಕಂಡ ಲಾಯದವನು, “ಕುದುರೆ ಪಾಸಾಯ್ತು ಮೇಡಂ, ನಾನೇ ಫೇಲು” ಎಂದನಂತೆ.

ಆರು ವರ್ಷದವಳಾಗಿ ನಾನು ಅಲ್ಲಿಗೆ ಬಂದಾಗ ನನ್ನ ಕಾಲುಗಳು ಕತ್ತರಿಯಂತೆ ಹೆಣೆದುಕೊಂಡಿದ್ದವು. ಟೀಚರ್ ಜೀನು ಹಾಕದೆ ಬರಿಯ ಕಂಬಳಿಯ ಮೇಲೆ ನನ್ನನ್ನು ಕೂರಿಸಿ, ಕುದುರೆಯ ಮೈಬಿಸಿಗೆ ತೊಡೆಗಳು ತಾವಾಗಿ ಸಡಿಲಗೊಳ್ಳುವವರೆಗೆ ಕಾಯುತ್ತಿದ್ದರು. ಮನೆಯಲ್ಲಿ ಎಲ್ಲರೂ ನನ್ನನ್ನು ಎತ್ತಿಕೊಂಡೇ ತಿರುಗುತ್ತಿದ್ದರು; ನಾನಾಗಿ ನೆಟ್ಟಗೆ ಕೂರುತ್ತಿದ್ದ ಜಾಗ ಲೋಕದಲ್ಲಿ ಅದೊಂದೇ. ಅಮ್ಮ ಮಾತ್ರ ಬೇಲಿಯಾಚೆ ಜೀವ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದಳು.

ಒಂದು ದಿನ ಎಲ್ಲೋ ತಗಡು ದಡಾರನೆ ಬಿತ್ತು. ಕುದುರೆ ಬೆಚ್ಚಿ ಪಕ್ಕಕ್ಕೆ ಸರಿಯಿತು. ನಾನು ಜಾರಿ, ಜೊತೆಯಲ್ಲೇ ನಡೆಯುತ್ತಿದ್ದ ಟೀಚರ್ ತೋಳಿಗೆ ಬಿದ್ದೆ. ಕೂದಲೂ ಕೊಂಕಲಿಲ್ಲ. ಆದರೆ ಅಮ್ಮ ಕೆಂಡವಾದಳು.

“ಸಾಕು ಟೀಚರ್. ನಾಳೆಯಿಂದ ಇವಳನ್ನ ಕರ್ಕೊಂಡು ಬರಲ್ಲ.”

ನಾನು ಗೋಳೋ ಎಂದು ಅತ್ತೆ. ಟೀಚರ್ ವಾದಕ್ಕಿಳಿಯಲಿಲ್ಲ. “ಆಗ್ಲಿ. ನಿಮ್ಮ ಮಗಳು, ನಿಮ್ಮ ತೀರ್ಮಾನ. ಹೋಗೋ ಮುಂಚೆ ನೀವೂ ಒಂದು ಸುತ್ತು ಕೂತ್ಕೊಳ್ಳಿ. ಏನನ್ನ ಬಿಡಿಸ್ತಿದ್ದೀರಿ ಅಂತಾದ್ರೂ ಗೊತ್ತಿರ್ಲಿ.”

ಅಮ್ಮ ಹಟಕ್ಕೆ ಹತ್ತಿದಳು. ಹತ್ತಿದ್ದೇ ತಡ, ಕಣ್ಣು ಮುಚ್ಚಿ ಕುದುರೆಯ ಜೂಲು ಹಿಡಿದಳು. ಲಾಯದವನು ಹಗ್ಗ ಹಿಡಿದು ಮುಂದೆ ನಡೆದ. ಟೀಚರ್ ನನ್ನನ್ನು ಸೊಂಟಕ್ಕೇರಿಸಿಕೊಂಡು ಪಕ್ಕದಲ್ಲೇ ನಡೆಯುತ್ತ, ನನ್ನ ಕೈಯನ್ನು ಅಮ್ಮನ ಮೊಣಕಾಲ ಮೇಲಿಟ್ಟರು. ನಾನು ಅವರದೇ ಧಾಟಿಯಲ್ಲಿ ಗದರಿದೆ: “ಕೆಳಗೆ ನೋಡ್ಬೇಡಮ್ಮಾ, ಕುದುರೆ ಕಿವಿ ನಡುವೆ ನೋಡು. ನಾನು ಹಿಡ್ಕೊಂಡಿದ್ದೀನಲ್ಲ!”

ಅರ್ಧ ಸುತ್ತಿಗೆ ಅಮ್ಮ ಕಣ್ಣು ಬಿಟ್ಟಳು. “ಅಯ್ಯೋ, ಕೂತಿದ್ರೂ ಸೊಂಟ ನಡೀತಾ ಇದೆಯಲ್ರೀ! ಇವಳಿಗೂ ಹೀಗೇನಾ?”

“ಹೀಗೇ. ನಡಿಗೆ ಅಂದ್ರೆ ಏನು ಅಂತ ಅವಳ ಮೈಗೆ ತಿಳಿಯೋದು ಸದ್ಯಕ್ಕೆ ಇಲ್ಲೊಂದೇ ಕಡೆ.”

ಇಳಿದ ಮೇಲೆ ಅಮ್ಮ ನನ್ನನ್ನು ಟೀಚರ್ ಸೊಂಟದಿಂದ ಎತ್ತಿಕೊಂಡಳು. ಆಮೇಲೆ ಕೇಳಿದ್ದು, “ನಾಳೆ ಎಷ್ಟೊತ್ತಿಗೆ ಬರ್ಬೇಕು?”

ಅಂದಿನಿಂದ, ಹೊಸ ಮಗು ಬಂದರೆ ಮೊದಲು ಹೆತ್ತವರನ್ನು ಹತ್ತಿಸುವುದು ಟೀಚರ್ ಅವರ ಪದ್ಧತಿಯಾಯಿತು. ಮೀಸೆ ತಿರುವುತ್ತ ಬಂದ ಎಷ್ಟೋ ತಂದೆಯರು ಕುದುರೆಯ ಮೇಲೆ ದೇವರನ್ನು ನೆನೆದದ್ದನ್ನು ನಾನೇ ಕಂಡಿದ್ದೇನೆ. ನಾನೇನೂ ಓಟಗಾರ್ತಿಯಾಗಲಿಲ್ಲ, ಇಂದಿಗೂ ಕೋಲೂರಿಯೇ ನಡೆಯುತ್ತೇನೆ. ಹಾಗೆ ನಡೆದೇ ಓದಿ, ಚಿಕಿತ್ಸಕಿಯಾಗಿ ಅವರ ಪಕ್ಕದಲ್ಲಿ ಕೆಲಸಕ್ಕೆ ನಿಂತೆ. ಅವರ ಋಣ ತೀರುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ.

ನಮ್ಮ ಟೀಚರ್ ನೂರು ವರ್ಷ ಬಾಳಲಿ, ಅವರ ಮೊಣಕಾಲುಗಳು ಗಟ್ಟಿಯಾಗಿರಲಿ. ವಿಶ್ರಾಂತಿಯನ್ನು ಮಾತ್ರ ನಾನು ಹಾರೈಸಲಾರೆ. ಸೋಮವಾರ ಹೊಸ ಮಗುವೊಂದು ಬರಲಿದೆ. ಅದರ ತಾಯಿ ಫೋನಿನಲ್ಲೇ ಅಳುತ್ತಿದ್ದರು. ಮಗುವನ್ನು ನಾನು ನೋಡಿಕೊಳ್ಳುತ್ತೇನೆ. ತಾಯಿಯನ್ನು ಹತ್ತಿಸಲು ನೀವೇ ಬರಬೇಕು, ಟೀಚರ್.