ಎಸ್ತೇರಮ್ಮನ ಹಿಡಿ ಅಕ್ಕಿ

ಕೂಡ್ಲಿಗಿಯ ಎಸ್ತೇರಮ್ಮ ದಿನಾ ಅನ್ನಕ್ಕಿಡುವ ಮೊದಲು ದೇವರ ಪಾಲೆಂದು ಒಂದು ಹಿಡಿ ಅಕ್ಕಿಯನ್ನು ಗಡಿಗೆಯಲ್ಲಿ ತೆಗೆದಿಡುತ್ತಾಳೆ. ಭಾನುವಾರ ಅದು ಚರ್ಚಿಗೆ, ಅಲ್ಲಿಂದ ಬಡವರ ಮನೆಗೆ. ಗಂಡ ತೀರಿಕೊಂಡ ವಾರವೂ ಅದು ತಪ್ಪಲಿಲ್ಲ. ಕಳೆದ ವರ್ಷ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವಾಗ ಜಾರಿ ಬಿದ್ದು ಬಲಗೈ ಮುರಿಯಿತು, ಕೆಲಸ ನಿಂತಿತು. ಅಂದಿನಿಂದ ಎಡಗೈಯಲ್ಲೇ ಹಿಡಿ ತುಂಬಿದಳು.

“ನಿನಗ ಉಣ್ಣಾಕಿಲ್ಲ, ಈಗರ ಬಿಡಕ್ಕ,” ಎಂದು ನೆರೆಮನೆಯ ಜೋಹರಾಬಿ ಗದರಿದಳು.

“ಇದ್ದಾಗ ಅಷ್ಟ ಕೊಟ್ರ ಅದೇನು ಕೊಟ್ಟಂಗ? ಸಾಕೋದು ಆತನ ಚಿತ್ತ, ಕೊಡೋದು ನನ್ನ ಕೆಲಸ.”

ಮುಂದಿನ ಭಾನುವಾರ ಪಾಸ್ಟರು ಚರ್ಚಿನಲ್ಲಿ ಕೂಡಿದ ಅಕ್ಕಿಯನ್ನೆಲ್ಲ ಆಕೆಯ ಮನೆಗೇ ತಂದರು. “ಈ ಸಲ ದೇವರ ಪಾಲು ನಿಮಗ್ರಿ, ಅಮ್ಮಾ.”

ಎಸ್ತೇರಮ್ಮ ಕಣ್ಣೊರೆಸಿಕೊಂಡು ಚೀಲ ಬಿಚ್ಚಿದಳು. ಮೊದಲ ಹಿಡಿಯನ್ನು ಗಡಿಗೆಗೆ ಹಾಕಿದ ಮೇಲೆಯೇ ಒಲೆ ಹಚ್ಚಿದಳು.